ಯಾಜಕನಿಲ್ಲದ ಸಾಮ್ಯ: ರೊಸ್ಸಾನೊ ಸುವಾರ್ತಾ ಹಸ್ತಪ್ರತಿಯ ಒಂದು ಪುಟವನ್ನು ಕುರಿತು

ಕ್ರೈಸ್ತ ಚಿತ್ರಕಲೆಯ ಮಾತು ಬಂದಾಗಲೆಲ್ಲ ನಮ್ಮ ತರಗತಿಗಳಲ್ಲಿ ಮಹಾ ಗ್ರೆಗೊರಿಯ ಹೆಸರು ತಪ್ಪದೆ ಕೇಳಿಬರುತ್ತದೆ. ಮಾರ್ಸೇ ಪಟ್ಟಣದ ಬಿಷಪನಾದ ಸೆರೆನಸನು ತನ್ನ ದೇವಾಲಯಗಳಲ್ಲಿದ್ದ ಚಿತ್ರಗಳನ್ನು ಒಡೆಯಿಸಿದಾಗ ಗ್ರೆಗೊರಿಯು 599 ಮತ್ತು 600ರಲ್ಲಿ ಅವನಿಗೆ ಪತ್ರ ಬರೆದು ಆಕ್ಷೇಪಿಸಿದನು. ಓದುಬಲ್ಲವರಿಗೆ ಬರಹವು ಏನನ್ನು ಕೊಡುತ್ತದೆಯೋ ಓದುಬಾರದವರಿಗೆ ಚಿತ್ರವು ಅದನ್ನೇ ಕೊಡುತ್ತದೆ ಎಂಬುದು ಅವನ ವಾದದ ತಿರುಳು. ಅಂದಿನಿಂದ ಇಂದಿನವರೆಗೆ ಮಧ್ಯಯುಗದ ಯಾವ ಚಿತ್ರವನ್ನು ತೋರಿಸಿದರೂ ಅದು ಪಾಮರರ ಬೈಬಲ್ ಎಂದು ಹೇಳಿ ಮುಂದೆ ಸಾಗುವುದು ರೂಢಿಯಾಗಿಬಿಟ್ಟಿದೆ.

ಗೋಡೆಯ ಮೇಲಿನ ಚಿತ್ರಕ್ಕೆ ಈ ಮಾತು ಒಂದು ಮಟ್ಟಿಗೆ ಸಲ್ಲುತ್ತದೆ. ಹಸ್ತಪ್ರತಿಯೊಳಗಿನ ಚಿತ್ರಕ್ಕೆ ಅದನ್ನು ಅನ್ವಯಿಸುವುದು ಕೇವಲ ಅಭ್ಯಾಸಬಲದಿಂದ ಆಗುವ ತಪ್ಪು. ಬೆಲೆಬಾಳುವ ಒಂದು ಸುವಾರ್ತಾ ಗ್ರಂಥವನ್ನು ಯಾರು ತೆರೆಯುತ್ತಿದ್ದರು? ಅದರ ಹಾಳೆಗಳನ್ನು ಹತ್ತಿರದಿಂದ ನೋಡುವ ಭಾಗ್ಯ ಯಾರಿಗಿತ್ತು? ಓದಬಲ್ಲವರಿಗೆ, ಅದರಲ್ಲಿಯೂ ಬಹುಮಟ್ಟಿಗೆ ಸಭೆಯ ಸೇವಕರಿಗೆ. ಆದುದರಿಂದ ಅಂಥ ಗ್ರಂಥದ ಚಿತ್ರವನ್ನು ಬರಹಕ್ಕೆ ಬದಲಾಗಿ ಕೊಟ್ಟ ಸುಲಭ ಪಾಠವೆಂದು ಎಣಿಸಲಾಗದು. ಬರಹವನ್ನು ಬಲ್ಲವರು ಬಲ್ಲವರಿಗಾಗಿಯೇ ಬರೆಯಿಸಿದ ವ್ಯಾಖ್ಯಾನ ಅದು. ವ್ಯಾಖ್ಯಾನವೆಂದ ಮೇಲೆ ಅದನ್ನು ಮೆಚ್ಚುವುದಷ್ಟೇ ಸಾಲದು, ಒರೆಗೆ ಹಚ್ಚಿ ನೋಡಲೂ ಬೇಕು. ಹಾಗೆ ನೋಡಲು ತಕ್ಕ ಒಂದು ಪುಟವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಅದರ ವಸ್ತು ನಾವೆಲ್ಲರೂ ಹತ್ತಾರು ಸಲ ಪ್ರಸಂಗಿಸಿರುವ ಒಳ್ಳೆಯ ಸಮಾರ್ಯದವನ ಸಾಮ್ಯ.

ದಕ್ಷಿಣ ಇಟಲಿಯ ಕಲಾಬ್ರಿಯಾ ಪ್ರಾಂತದ ರೊಸ್ಸಾನೊ ಪಟ್ಟಣದಲ್ಲಿ, ಅಲ್ಲಿನ ಧರ್ಮಪ್ರಾಂತದ ವಸ್ತುಸಂಗ್ರಹಾಲಯದಲ್ಲಿ, ಈ ಹಸ್ತಪ್ರತಿಯಿದೆ. ಇದು 6ನೆಯ ಶತಮಾನದ್ದು, ಅಂದರೆ ಪ್ರಾಚೀನ ಯುಗ ಮುಗಿದು ಮಧ್ಯಯುಗ ತೊಡಗುವ ಹೊಸ್ತಿಲಿನದು. ಚಿತ್ರಗಳುಳ್ಳ ಸುವಾರ್ತಾ ಗ್ರಂಥಗಳಲ್ಲಿ ಇಷ್ಟು ಹಳೆಯವು ನಮಗೆ ಉಳಿದಿರುವುದು ಬೆರಳೆಣಿಕೆಯಷ್ಟು. ಭಾಷೆ ಗ್ರೀಕ್, ಚರ್ಮಪತ್ರಕ್ಕೆ ಕೆನ್ನೇರಳೆ ಬಣ್ಣ ಕಟ್ಟಿ ಅದರ ಮೇಲೆ ಬೆಳ್ಳಿಯ ಅಕ್ಷರಗಳಲ್ಲಿ ಬರೆದಿದ್ದಾರೆ, ಪ್ರತಿ ಸುವಾರ್ತೆಯ ಮೊದಲ ಸಾಲುಗಳಿಗೆ ಮಾತ್ರ ಚಿನ್ನ. ಈಗ 188 ಹಾಳೆಗಳು ಉಳಿದಿವೆ. ಅವುಗಳಲ್ಲಿರುವುದು ಮತ್ತಾಯನ ಸುವಾರ್ತೆ ಹಾಗೂ ಕೊನೆಯ ಕೆಲವು ವಚನಗಳಿಲ್ಲದ ಮಾರ್ಕನ ಸುವಾರ್ತೆ. 1879ರಲ್ಲಿ ಆಸ್ಕರ್ ಫಾನ್ ಗೆಬ್‌ಹಾರ್ಟ್ ಮತ್ತು ಅಡಾಲ್ಫ್ ಹಾರ್ನಾಕ್ ಎಂಬ ಇಬ್ಬರು ಜರ್ಮನ್ ವಿದ್ವಾಂಸರು ಇದನ್ನು ಕಂಡು ವಿದ್ವತ್ ಲೋಕದ ಗಮನಕ್ಕೆ ತಂದರು. 2015ರಲ್ಲಿ ಯುನೆಸ್ಕೊ ತನ್ನ ವಿಶ್ವಸ್ಮೃತಿಯ ಪಟ್ಟಿಗೆ ಇದನ್ನು ಸೇರಿಸಿಕೊಂಡಿತು. ಇದನ್ನು ಬರೆದದ್ದು ಸಿರಿಯಾ ಪ್ಯಾಲೆಸ್ಟೈನುಗಳ ಕಡೆಯಲ್ಲೋ ಕಾನ್‌ಸ್ಟಾಂಟಿನೋಪಲಿನಲ್ಲೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬರೆಯಿಸಿದವರ ಹೆಸರಂತೂ ಉಳಿದೇ ಇಲ್ಲ.

ಗ್ರಂಥದ ಮೊದಲಲ್ಲಿ ಚಿತ್ರಗಳ ಹಾಳೆಗಳು ಒಟ್ಟಾಗಿ ಬರುತ್ತವೆ. ಲಾಜರನ ಎಬ್ಬಿಸುವಿಕೆ, ಯೆರೂಸಲೇಮಿನ ಪ್ರವೇಶ, ದೇವಾಲಯದ ಶುದ್ಧೀಕರಣ, ಹತ್ತು ಮಂದಿ ಕನ್ಯೆಯರು, ಕಡೆಯ ಭೋಜನ ಮತ್ತು ಪಾದ ತೊಳೆಯುವಿಕೆ, ಅಪೊಸ್ತಲರಿಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಕೊಡುವ ಎರಡು ಪುಟಗಳು, ಗೆತ್ಸೆಮನೆ, ಹುಟ್ಟುಕುರುಡನ ಗುಣವಾಗುವಿಕೆ, ಪಿಲಾತನ ಮುಂದಿನ ವಿಚಾರಣೆ: ಹೀಗೆ ಸಾಗುವ ಈ ಸರಣಿಯಲ್ಲಿ ಹುಟ್ಟುಕುರುಡನ ಚಿತ್ರವಿರುವ ಹಾಳೆಯ ಬೆನ್ನಿಗೆ ನಮ್ಮ ಸಾಮ್ಯವಿದೆ. ಹಾಳೆಗಳ ಕ್ರಮ ಕಾಲಾಂತರದಲ್ಲಿ ಅಸ್ತವ್ಯಸ್ತವಾಗಿರುವುದರಿಂದ ಯಾವ ಪುಟದ ಎದುರಿಗೆ ಯಾವುದು ಇತ್ತೆಂಬುದರ ಮೇಲೆ ವಾದ ಕಟ್ಟುವುದು ಅಪಾಯ. ಆದರೆ ಒಂದೇ ಹಾಳೆಯ ಎರಡು ಮೈಗಳನ್ನು ಯಾವ ಕ್ರಮವೂ ಬೇರ್ಪಡಿಸಲಾರದು. ಒಂದು ಮೈಯಲ್ಲಿ ಕುರುಡನ ಕಣ್ಣನ್ನು ಮುಟ್ಟುವ ಬೆರಳು. ಮಗುಚಿದರೆ ಗಾಯಗೊಂಡವನ ಮೇಲೆ ಬಾಗಿದ ಮೈ.

ಪುಟವನ್ನು ನೋಡೋಣ. ಮೇಲರ್ಧದಲ್ಲಿ ಕಥೆ, ಕೆಳಗರ್ಧದಲ್ಲಿ ನಾಲ್ವರು ಪ್ರವಾದಿಗಳು. ಎಡಗಡೆ ಗೋಡೆಯಿಂದ ಸುತ್ತುವರಿದ ಪಟ್ಟಣ, ಯೆರೂಸಲೇಮ್. ಅದರ ಹೊರಗೆ ಬೆತ್ತಲೆಯಾಗಿ ನೆಲದ ಮೇಲೆ ಬಿದ್ದಿರುವ ಮನುಷ್ಯ. ಅವನ ಮೇಲೆ ಬಾಗಿರುವವನ ತಲೆಯ ಸುತ್ತ ಶಿಲುಬೆ ಮೂಡಿರುವ ಚಿನ್ನದ ಪ್ರಭಾವಳಿ. ಅವನು ಕ್ರಿಸ್ತನೆಂಬುದರಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ, ಏಕೆಂದರೆ ಈ ಗ್ರಂಥದ ಉಳಿದ ಪುಟಗಳಲ್ಲಿಯೂ ಅದೇ ಮುಖ, ಅದೇ ಉಡುಗೆ, ಅದೇ ಪ್ರಭಾವಳಿ. ಎದುರಿಗೆ ಒಬ್ಬ ದೇವದೂತ, ಬಟ್ಟೆಯಿಂದ ಮುಚ್ಚಿದ ಕೈಗಳಲ್ಲಿ ಚಿನ್ನದ ಬಟ್ಟಲನ್ನು ಹಿಡಿದು ನಿಂತಿದ್ದಾನೆ. ಬಲಗಡೆಗೆ ಕಥೆ ಮುಂದುವರಿಯುತ್ತದೆ: ಗಾಯಾಳು ವಾಹನಪಶುವಿನ ಮೇಲೆ ಕುಳಿತಿದ್ದಾನೆ, ಕ್ರಿಸ್ತನು ಮತ್ತೊಮ್ಮೆ ಕಾಣಿಸಿಕೊಂಡು ಛತ್ರದವನ ಕೈಗೆ ನಾಣ್ಯ ಕೊಡುತ್ತಿದ್ದಾನೆ. ಹಿಂದೆ ಬೆಟ್ಟವಿಲ್ಲ, ಆಕಾಶವಿಲ್ಲ. ಬರಿಯ ಕೆನ್ನೇರಳೆ ಚರ್ಮ. ಕೆಳಗೆ ಪ್ರವಾದಿಗಳು ತಮ್ಮ ವಚನಗಳ ಸುರುಳಿಗಳನ್ನು ಮುಂದೆ ಬಿಡಿಸಿಟ್ಟು, ಬಲಗೈ ಎತ್ತಿ, ಮೇಲಿನ ಚಿತ್ರದ ಕಡೆ ತೋರಿಸುತ್ತಾರೆ.

ಸಮಾರ್ಯದವನನ್ನು ಕ್ರಿಸ್ತನೆಂದು ಓದಿದ್ದು ಚಿತ್ರಕಾರನ ಸ್ವಂತ ಕಲ್ಪನೆಯೇನೂ ಅಲ್ಲ. 3ನೆಯ ಶತಮಾನದಲ್ಲಿ ಒರಿಜೆನನು ಲೂಕನ ಮೇಲೆ ಮಾಡಿದ ಪ್ರಸಂಗಗಳಲ್ಲಿ, ತನಗಿಂತ ಮುಂಚಿನ ಹಿರಿಯರೊಬ್ಬರ ವ್ಯಾಖ್ಯಾನವೆಂದು ಹೇಳಿ, ಇದನ್ನು ವಿವರಿಸುತ್ತಾನೆ. ಇಳಿದುಹೋಗುತ್ತಿದ್ದವನು ಆದಾಮ; ಯೆರೂಸಲೇಮ್ ಪರದೈಸು; ಯೆರಿಕೊ ಈ ಲೋಕ; ಕಳ್ಳರು ದುಷ್ಟಶಕ್ತಿಗಳು; ಯಾಜಕನು ಧರ್ಮಶಾಸ್ತ್ರ; ಲೇವಿಯನು ಪ್ರವಾದನೆಗಳು; ಸಮಾರ್ಯದವನು ಕ್ರಿಸ್ತ; ವಾಹನಪಶು ಕರ್ತನ ದೇಹ; ಛತ್ರವು ಸಭೆ; ಎರಡು ನಾಣ್ಯಗಳು ತಂದೆಯನ್ನೂ ಮಗನನ್ನೂ ಕುರಿತ ಅರಿವು; ಛತ್ರದವನು ಸಭೆಯ ಮೇಲ್ವಿಚಾರಕ. ಅಗಸ್ಟಿನನಲ್ಲಿ ಆ ನಾಣ್ಯಗಳು ಪ್ರೀತಿಯ ಎರಡು ಆಜ್ಞೆಗಳಾಗುತ್ತವೆ, ಛತ್ರದವನು ಅಪೊಸ್ತಲ ಪೌಲನಾಗುತ್ತಾನೆ. 1935ರಲ್ಲಿ ಸಿ. ಎಚ್. ಡಾಡ್ ಅವರು ಸಾಮ್ಯಗಳನ್ನು ಕುರಿತ ತಮ್ಮ ಪುಸ್ತಕದ ಆರಂಭದಲ್ಲಿಯೇ ಅಗಸ್ಟಿನನ ಈ ಪಟ್ಟಿಯನ್ನು ಕೊಟ್ಟು, ಸಾಮ್ಯವನ್ನು ಹೇಗೆ ಓದಬಾರದೆಂಬುದಕ್ಕೆ ಮಾದರಿಯಾಗಿ ನಿಲ್ಲಿಸಿದರು. ಅದಕ್ಕೂ ಮುಂಚೆ ಯೂಲಿಖರ್ ಅವರು ಸಾಮ್ಯಕ್ಕೆ ಒಂದೇ ಒಂದು ತಾತ್ಪರ್ಯವೆಂದು ವಾದಿಸಿ ರೂಪಕ ವ್ಯಾಖ್ಯಾನದ ಬಾಗಿಲು ಮುಚ್ಚಿದ್ದರು. ಸೆಮಿನರಿಯಲ್ಲಿ ಓದಿದ ನಾವೆಲ್ಲರೂ ಆ ಪಟ್ಟಿಯನ್ನು ಕೇಳಿ ನಗುವುದನ್ನು ಮೊದಲ ವರ್ಷದಲ್ಲಿಯೇ ಕಲಿತೆವು.

ಆದರೆ ಈ ಪುಟದ ಮುಂದೆ ಕುಳಿತರೆ ಆ ನಗೆ ಅಷ್ಟು ಸಲೀಸಾಗಿ ಬರುವುದಿಲ್ಲ. ಪಟ್ಟಿಯಾಗಿ ಓದಿದಾಗ ಒಣಗಿದ ಲೆಕ್ಕದಂತೆ ತೋರುವುದು ಚಿತ್ರದಲ್ಲಿ ಒಂದು ಮೈಯ ಬಾಗುವಿಕೆಯಾಗಿದೆ. ಇದೇ ಗ್ರಂಥದಲ್ಲಿ ಕ್ರಿಸ್ತನು ಬಾಗುವ ಬೇರೆ ಪುಟಗಳಿವೆ: ಪೇತ್ರನ ಪಾದಗಳ ಮೇಲೆ ಬಾಗುತ್ತಾನೆ, ಗೆತ್ಸೆಮನೆಯ ನಕ್ಷತ್ರ ತುಂಬಿದ ಇರುಳಿನಲ್ಲಿ ನೆಲಕ್ಕೆ ಬೀಳುತ್ತಾನೆ, ಮತ್ತೆ ಎದ್ದು ಬಂದು ನಿದ್ರಿಸುವ ಶಿಷ್ಯರ ಮೇಲೆ ಬಾಗುತ್ತಾನೆ. ಆ ಪುಟಗಳನ್ನು ತಿರುವಿ ಬಂದ ಕಣ್ಣಿಗೆ ಸಮಾರ್ಯದವನ ಈ ಭಂಗಿ ಅಪರಿಚಿತವಲ್ಲ. ಲೂಕನ ಮಾತಿನಲ್ಲಿಲ್ಲದ ದೇವದೂತನೂ ಸುಮ್ಮನೆ ಬಂದವನಲ್ಲ. ಅವನ ಮುಚ್ಚಿದ ಕೈ, ಚಿನ್ನದ ಬಟ್ಟಲು, ಇವು ಬಲಿಪೀಠದ ಬಳಿ ಸೇವೆ ಮಾಡುವವನ ರೀತಿಗಳು. ಎಣ್ಣೆಯೂ ದ್ರಾಕ್ಷಾರಸವೂ ಬೀದಿಬದಿಯ ಔಷಧವಾಗಿದ್ದುದು ಇಲ್ಲಿ ಸಂಸ್ಕಾರವಾಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ನೋಡುವವನು ನಿಲ್ಲಬೇಕಾದ ಸ್ಥಳ ಇಲ್ಲಿ ಬದಲಾಗುತ್ತದೆ. ನಮ್ಮ ಪ್ರಸಂಗಗಳಲ್ಲಿ ಕೇಳುಗರನ್ನು ನಾವು ಯಾವಾಗಲೂ ಸಮಾರ್ಯದವನ ಜಾಗದಲ್ಲಿ ನಿಲ್ಲಿಸುತ್ತೇವೆ: ನೀವು ಕನಿಕರವುಳ್ಳವರಾಗಿರಿ, ನೀವು ಸಹಾಯ ಮಾಡಿರಿ. ಕೊಡುವವನ ಸ್ಥಾನ ಎಂದಿಗೂ ಸುಖಕರವೇ. ಈ ಪುಟದಲ್ಲಿ ಆ ಸ್ಥಾನ ಬೇರೊಬ್ಬನದಾಗಿಬಿಟ್ಟಿದೆ. ನೋಡುವವನಿಗೆ ಉಳಿಯುವುದು ನೆಲದ ಮೇಲೆ ಬೆತ್ತಲೆ ಬಿದ್ದವನ ಜಾಗ. ಕೃಪೆಯ ಸಿದ್ಧಾಂತವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಪ್ರಸಂಗಗಳನ್ನು ನಾನು ಹೆಚ್ಚು ಕೇಳಿಲ್ಲ.

ಹೀಗಿದ್ದರೂ ಈ ಲಾಭಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು. ಸಮಾರ್ಯದವನ ತಲೆಗೆ ಪ್ರಭಾವಳಿ ಬಂದೊಡನೆ ಅವನು ಸಮಾರ್ಯದವನಾಗಿ ಉಳಿಯುವುದಿಲ್ಲ. ಲೂಕನ ಕಥೆಯ ಪೆಟ್ಟು ಇರುವುದೇ ಅವನ ಕುಲದಲ್ಲಿ. ಸಾಮ್ಯದ ಕೊನೆಯಲ್ಲಿ, ಬಿದ್ದವನಿಗೆ ನೆರೆಯವನಾದವನು ಯಾರೆಂದು ಯೇಸು ಕೇಳಿದಾಗ ಶಾಸ್ತ್ರಿಯ ಬಾಯಲ್ಲಿ ಸಮಾರ್ಯದವನೆಂಬ ಪದ ಬರುವುದಿಲ್ಲ. ಕನಿಕರ ತೋರಿಸಿದವನು ಎಂದು ಸುತ್ತುಬಳಸಿ ಹೇಳಿ ಮುಗಿಸುತ್ತಾನೆ. ಚಿತ್ರಕಾರನೂ ಒಂದರ್ಥದಲ್ಲಿ ಹಾಗೆಯೇ ಮಾಡಿದ್ದಾನೆ. ಅವನ ಉದ್ದೇಶ ಶಾಸ್ತ್ರಿಯದಕ್ಕಿಂತ ಉದಾತ್ತ, ಪರಿಣಾಮ ಮಾತ್ರ ಒಂದೇ: ಹೀನನೆನಿಸಿಕೊಂಡವನ ಹೆಸರು ಮರೆಯಾಯಿತು. ಸಮಾರ್ಯದವರೊಂದಿಗೆ ಯೆಹೂದ್ಯರಿಗೆ ಬಳಕೆಯಿರಲಿಲ್ಲವೆಂದು ಯೋಹಾನನು ಬಾವಿಯ ಬಳಿಯ ಪ್ರಸಂಗದಲ್ಲಿ ತಿಳಿಸುತ್ತಾನೆ. ಅಲ್ಲಿ ಎದ್ದ ಪ್ರಶ್ನೆ ಯಾರ ಕೈಯ ನೀರನ್ನು ಯಾರು ಕುಡಿಯಬಹುದೆಂಬುದೇ. ಇದು ನಮ್ಮ ಊರುಕೇರಿಗಳಲ್ಲಿ ವಿವರಣೆ ಬೇಡುವ ಸಂಗತಿಯಲ್ಲ. ಮುಟ್ಟಬಾರದವನೆಂದು ದೂರವಿಟ್ಟವನ ಬುದ್ದಲಿಯ ಎಣ್ಣೆ ತನ್ನ ಗಾಯದ ಮೇಲೆ ಸುರಿಯುವಾಗ ಆ ಗಾಯಾಳುವಿಗೆ ಎಚ್ಚರವಿದ್ದಿದ್ದರೆ ಏನೆನ್ನುತ್ತಿದ್ದನು? ದಲಿತ ದೇವಶಾಸ್ತ್ರವು ಈ ಸಾಮ್ಯವನ್ನು ಓದುವಾಗ ಕೇಳುವ ಪ್ರಶ್ನೆ ಇದು. ದೇವದೂತನ ಕೈಯ ಚಿನ್ನದ ಬಟ್ಟಲಿನಲ್ಲಿ ಆ ಪ್ರಶ್ನೆ ಕರಗಿಹೋಗುತ್ತದೆ. ದೇವದೂತನು ತಂದ ಬಟ್ಟಲನ್ನು ಯಾರು ತಾನೆ ಬೇಡವೆಂದಾರು?

ಚಿತ್ರಕಾರನ ಪರವಾಗಿ ಹೇಳಬಹುದಾದ ಒಂದು ಮಾತಿದೆ, ಅದನ್ನು ಒರಿಜೆನನೇ ಒದಗಿಸುತ್ತಾನೆ. ಯೋಹಾನನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ ಯೇಸುವನ್ನು ಸಮಾರ್ಯದವನೆಂದೂ ದೆವ್ವಹಿಡಿದವನೆಂದೂ ಜನರು ಜರೆಯುತ್ತಾರೆ. ಯೇಸು ದೆವ್ವದ ಆರೋಪವನ್ನು ಅಲ್ಲಗಳೆದನು, ಸಮಾರ್ಯದವನೆಂಬುದನ್ನು ಅಲ್ಲಗಳೆಯಲಿಲ್ಲ. ಬೈಗುಳದ ಆ ಹೆಸರನ್ನು ಅವನು ಹೊತ್ತುಕೊಂಡನು ಎಂದು ತಿಳಿದು ಈ ಪುಟವನ್ನು ನೋಡಿದರೆ, ಪ್ರಭಾವಳಿಯು ಸಮಾರ್ಯದವನನ್ನು ಅಳಿಸದೆ ಅವನ ತಲೆಯ ಮೇಲೆಯೇ ಇಳಿದಂತೆ ಕಾಣಬಹುದು. ಹಾಗೆ ಕಾಣಬೇಕಾದರೆ ನೋಡುವವನಿಗೆ ಮೊದಲೇ ಆ ಜರೆನುಡಿಯ ಕಹಿ ಗೊತ್ತಿರಬೇಕು. ಚಿತ್ರವು ತಾನಾಗಿ ಅದನ್ನು ಕಲಿಸಲಾರದು.

ಇನ್ನು ಈ ಪುಟದಲ್ಲಿ ಇಲ್ಲದವರ ವಿಚಾರ. ಕಳ್ಳರಿಲ್ಲ, ಪ್ರಶ್ನೆ ಕೇಳಿದ ಶಾಸ್ತ್ರಿಯಿಲ್ಲ, ಯಾಜಕನಿಲ್ಲ, ಲೇವಿಯನಿಲ್ಲ. ಕಳ್ಳರನ್ನು ಬಿಟ್ಟದ್ದು ಸ್ಥಳದ ಅಭಾವದಿಂದ ಎನ್ನಬಹುದು. ಆದರೆ ನೋಡಿ ಆಚೆ ಬದಿಗೆ ಸರಿದುಹೋದ ಇಬ್ಬರನ್ನು ಬಿಟ್ಟರೆ ಸಾಮ್ಯದ ಬೆನ್ನೆಲುಬನ್ನೇ ತೆಗೆದಂತೆ. ಚಿತ್ರದಲ್ಲಿ ಅವರನ್ನು ತೋರಿಸುವುದು ಕಷ್ಟವೇನಲ್ಲ. 13ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಶಾರ್ತ್ರ್ ಮಹಾದೇವಾಲಯದ ಬಣ್ಣಗಾಜಿನ ಕಿಟಕಿಯೊಂದರಲ್ಲಿ ಇದೇ ಸಾಮ್ಯವನ್ನು ಚಿತ್ರಿಸಿದ್ದಾರೆ. ಕೆಳಗೆ ಸಾಮ್ಯ, ಮೇಲೆ ಆದಾಮ ಹವ್ವರ ಸೃಷ್ಟಿ ಮತ್ತು ಪತನ. ಅಂದರೆ ಒರಿಜೆನನ ವ್ಯಾಖ್ಯಾನವೇ ಅಲ್ಲಿಯೂ ಚೌಕಟ್ಟು. ಆ ಕಿಟಕಿಯ ಕೆಳಗಡೆ ಅದಕ್ಕೆ ಕಾಣಿಕೆ ಕೊಟ್ಟ ಚಮ್ಮಾರರು ತಮ್ಮ ಕೆಲಸದಲ್ಲಿ ತೊಡಗಿರುವುದು ಕಾಣುತ್ತದೆ. ಚಮ್ಮಾರರ ಹೆಸರಿನ ಆ ಕಿಟಕಿಯಲ್ಲಿ ಯಾಜಕನೂ ಲೇವಿಯನೂ ಇದ್ದಾರೆ, ಗಾಯಾಳುವನ್ನು ನೋಡಿಯೂ ಸುಮ್ಮನೆ ಹಾದುಹೋಗುತ್ತಾರೆ. ಸಭಾಸೇವಕರ ಕೈಯಲ್ಲಿ ತೆರೆದುಕೊಳ್ಳುವ ರೊಸ್ಸಾನೊ ಗ್ರಂಥದಲ್ಲಿ ಅವರಿಲ್ಲ.

ಇದನ್ನು ಕಂಡಾಗ ಮೊದಲು ಹೊಳೆಯುವುದು ಕಟುವಾದ ತೀರ್ಪು: ಯಾಜಕರು ತಮ್ಮ ಪುಸ್ತಕದಲ್ಲಿ ತಮ್ಮ ಅಪಕೀರ್ತಿಯನ್ನು ಬರೆಯಿಸಲಿಲ್ಲ. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ಪುಟದ ಕೆಳಗರ್ಧವನ್ನು ಮತ್ತೆ ಮತ್ತೆ ನೋಡಿದ ಮೇಲೆ ಇನ್ನೊಂದು ಕಾರಣ ತೋರಿತು. ಒರಿಜೆನನ ಪ್ರಕಾರ ಯಾಜಕನು ಧರ್ಮಶಾಸ್ತ್ರ, ಲೇವಿಯನು ಪ್ರವಾದನೆ. ಅವರು ಹಾದುಹೋದರೆಂದರೆ ಹಳೆಯ ಒಡಂಬಡಿಕೆಯು ಬಿದ್ದ ಮನುಷ್ಯನನ್ನು ಎತ್ತಲಾರದೆ ಹೋಯಿತೆಂದು ಅರ್ಥ. ಆದರೆ ಈ ಗ್ರಂಥದ ಕಥಾಪುಟಗಳ ವಿನ್ಯಾಸವೇ ಬೇರೊಂದು ನಂಬಿಕೆಯ ಮೇಲೆ ನಿಂತಿದೆ. ದಾವೀದನೂ ಉಳಿದ ಪ್ರವಾದಿಗಳೂ ಕೆಳಗೆ ನಿಂತು ಮೇಲೆ ನಡೆಯುವುದನ್ನು ಕೈಯೆತ್ತಿ ತೋರಿಸುತ್ತಾರೆ. ಅವರು ಎಲ್ಲಿಗೂ ಹಾದುಹೋಗುವುದಿಲ್ಲ. ಮೇಲೆ ಪ್ರವಾದನೆಯು ಬೆನ್ನು ತಿರುಗಿಸಿ ಹೋಗುವುದನ್ನು ಬರೆದು, ಕೆಳಗೆ ಅದೇ ಪ್ರವಾದನೆಯು ಸಾಕ್ಷಿ ನುಡಿಯುವುದನ್ನು ಬರೆದಿದ್ದರೆ ಪುಟವು ತನ್ನನ್ನು ತಾನೇ ಅಲ್ಲಗಳೆಯುತ್ತಿತ್ತು. ಆದುದರಿಂದ ಚಿತ್ರಕಾರನು, ಅಥವಾ ಅವನಿಗೆ ಸೂಚನೆ ಕೊಟ್ಟ ವಿದ್ವಾಂಸನು, ಒರಿಜೆನನಿಂದ ಕ್ರಿಸ್ತನನ್ನೂ ಛತ್ರದವನನ್ನೂ ತೆಗೆದುಕೊಂಡು, ಹಾದುಹೋಗುವ ಇಬ್ಬರನ್ನು ಕೈಬಿಟ್ಟಿರಬಹುದು. ಇದು ನನ್ನ ಊಹೆ. ಆದರೆ ಪುಟದ ರಚನೆ ಇದಕ್ಕೆ ಆಸರೆ ಕೊಡುತ್ತದೆ. ಈ ದೃಷ್ಟಿಯಿಂದ ನೋಡಿದರೆ ಆ ಬಿಡುವಿಕೆಯಲ್ಲಿ ಸ್ವಾರ್ಥಕ್ಕಿಂತ ಹಳೆಯ ಒಡಂಬಡಿಕೆಯ ಮೇಲಣ ಗೌರವವೇ ಹೆಚ್ಚು. ಧರ್ಮಶಾಸ್ತ್ರವು ಕೈಲಾಗದೆ ಹಾದುಹೋಯಿತು ಎಂದು ಇಂದಿಗೂ ಹಗುರವಾಗಿ ಪ್ರಸಂಗಿಸುವವರಿಗೆ ಈ ನಾಲ್ಕು ಕೈಗಳನ್ನು ತೋರಿಸಬೇಕು.

ಅಷ್ಟಕ್ಕೇ ಚಿತ್ರಕಾರನನ್ನು ಬಿಡುಗಡೆ ಮಾಡಲು ವಿಚಾರಣೆಯ ಪುಟ ಒಪ್ಪುವುದಿಲ್ಲ. ಅದರ ಮೇಲ್ಭಾಗದಲ್ಲಿ ಪಿಲಾತನು ನ್ಯಾಯಾಸನದ ಮೇಲೆ, ಚಕ್ರವರ್ತಿಗಳ ಭಾವಚಿತ್ರಗಳ ನಡುವೆ ಕುಳಿತಿದ್ದಾನೆ. ಕೆಳಭಾಗದಲ್ಲಿ ಯೂದನು ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಲು ಬಂದಿದ್ದಾನೆ; ಅತ್ತ ಅವನು ಮರಕ್ಕೆ ನೇತಾಡುತ್ತಿರುವುದೂ ಕಾಣುತ್ತದೆ. ಮಂಟಪದ ಕೆಳಗೆ ಕುಳಿತ ಮಹಾಯಾಜಕರು ಕೈಯೆತ್ತಿ ಅವನನ್ನು ನಿರಾಕರಿಸುತ್ತಾರೆ. ಪಶ್ಚಾತ್ತಾಪಪಟ್ಟು ಬಂದವನೊಬ್ಬನು ಸಾಯಹೊರಟಿರುವಾಗ, ಅದು ನಿನಗೆ ಸೇರಿದ್ದು, ನಮಗೇನು ಎಂಬ ಭಾವದಿಂದ ಮುಖ ತಿರುಗಿಸುವ ಯಾಜಕರನ್ನು ಈ ಕುಂಚವು ಇಷ್ಟು ಚೆನ್ನಾಗಿ ಬರೆಯಬಲ್ಲುದು. ಸಾಮ್ಯದ ಪುಟದಲ್ಲಿ ಅದೇ ಭಂಗಿಗೆ ಸ್ಥಳ ಸಿಗಲಿಲ್ಲ. ಫಲವೇನೆಂದರೆ, ಯಾಜಕನ ನಿರ್ದಯತೆ ಗ್ರಂಥದಿಂದ ಮಾಯವಾಗಲಿಲ್ಲ, ಕಾಯಫನ ಮನೆಗೆ ವರ್ಗವಾಯಿತು. ಅದು ಬೇರೆಯವರ ಯಾಜಕರ ಪಾಪವಾಯಿತು. ಮುಂದಿನ ಶತಮಾನಗಳಲ್ಲಿ ಯೆಹೂದ್ಯರ ಮೇಲೆ ಕ್ರೈಸ್ತ ಚಿತ್ರಕಲೆ ಎಷ್ಟೆಷ್ಟು ಹೊರಿಸಿತೆಂದು ಬಲ್ಲ ನಾವು ಈ ವರ್ಗಾವಣೆಯನ್ನು ಗಮನಿಸದೆ ಹೋಗಲಾಗದು. ಉದ್ದೇಶ ನಿರ್ದೋಷವಾಗಿದ್ದಿರಬಹುದು; ಪುಟಗಳು ಜೊತೆಗೂಡಿ ಹೇಳುವ ಮಾತು ನಿರ್ದೋಷವಲ್ಲ.

ಬೆತ್ತಲೆ ಮನುಷ್ಯನು ಬಿದ್ದಿರುವ ನೆಲದ ಬಣ್ಣದ ಬಗ್ಗೆಯೂ ಒಂದು ಮಾತು ಹೇಳಬೇಕು. ಕೆನ್ನೇರಳೆ ಚಕ್ರವರ್ತಿಗಳ ಬಣ್ಣ, ಬೈಬಲಿನ ಕನ್ನಡದಲ್ಲಿ ಧೂಮ್ರವರ್ಣ. ಈಚಿನ ಪ್ರಯೋಗಾಲಯದ ಪರೀಕ್ಷೆಗಳಿಂದ ರೊಸ್ಸಾನೊ ಗ್ರಂಥದ ಬಣ್ಣವು ರಾಜಯೋಗ್ಯವಾದ ಕಡಲ ಚಿಪ್ಪುಜೀವಿಯದಲ್ಲ, ಕಲ್ಲುಹೂವಿನಿಂದ ತೆಗೆದದ್ದು ಎಂದು ತಿಳಿದುಬಂದಿದೆ. ಅಷ್ಟು ಅಗ್ಗವಾದರೂ ಬೆಳ್ಳಿ ಬಂಗಾರಗಳ ವೆಚ್ಚ ಇದ್ದೇ ಇತ್ತು. ಇಂಥ ಗ್ರಂಥಗಳನ್ನು ಕಂಡ ಜೆರೋಮನು 384ರ ಸುಮಾರಿಗೆ, ಕನ್ಯಾವ್ರತದಲ್ಲಿದ್ದ ಯೂಸ್ಟೋಕಿಯಮಳಿಗೆ ಬರೆದ ಪತ್ರದಲ್ಲಿ ಸಿಟ್ಟಾಗಿದ್ದಾನೆ. ಚರ್ಮಪತ್ರಕ್ಕೆ ಬಣ್ಣ ಕಟ್ಟುತ್ತಾರೆ, ಅಕ್ಷರಕ್ಕೆ ಬಂಗಾರ ಕರಗಿಸುತ್ತಾರೆ, ಹೊದಿಕೆಗೆ ರತ್ನ ಕೂರಿಸುತ್ತಾರೆ, ಕ್ರಿಸ್ತನೋ ಬಾಗಿಲಲ್ಲಿ ಬೆತ್ತಲೆಯಾಗಿ ಸಾಯುತ್ತಾನೆ ಎಂಬುದು ಅವನ ದೂರು. ಲೂಕನ ಮೇಲಣ ಒರಿಜೆನನ ಆ ಪ್ರಸಂಗಗಳನ್ನು ಲ್ಯಾಟಿನಿಗೆ ತಂದು ನಮಗೆ ಉಳಿಸಿಕೊಟ್ಟವನೂ ಇದೇ ಜೆರೋಮನೆಂಬುದು ನೆನಪಿಡತಕ್ಕ ಸಂಗತಿ. ಜೆರೋಮನ ಕಾಲಕ್ಕೂ ರೊಸ್ಸಾನೊ ಗ್ರಂಥಕ್ಕೂ ನಡುವೆ ಒಂದೂವರೆ ಶತಮಾನಕ್ಕೂ ಹೆಚ್ಚಿನ ಅಂತರವಿದೆ. ಅವನ ಟೀಕೆಗೆ ಇದು ಉತ್ತರವೆಂದು ಹೇಳಲಾಗದು. ಆದರೂ ಅವನು ಬಾಗಿಲ ಹೊರಗೆ ಕಂಡ ಬೆತ್ತಲೆ ಮೈ ಇಲ್ಲಿ ಆ ಕೆನ್ನೇರಳೆ ಚರ್ಮದ ಮೇಲೆಯೇ ಬಂದು ಬಿದ್ದಿದೆ. ಪುಸ್ತಕದ ಸಿರಿಯನ್ನು ಮೆಚ್ಚುತ್ತ ಪುಟ ತಿರುವುವ ಬಿಷಪನಿಗೆ ಅದು ಎದುರಾಗದೆ ಇರಲಾರದು.

ಎದುರಾದ ಮೇಲೆ ಅವನು ಈ ಪುಟದಲ್ಲಿ ತನ್ನನ್ನು ಎಲ್ಲಿ ಕಾಣುತ್ತಿದ್ದನು? ಯಾಜಕನಿಲ್ಲದ ಈ ಸಾಮ್ಯದಲ್ಲಿ ಸಭಾಸೇವಕನಿಗೆ ಉಳಿದಿರುವ ಪಾತ್ರ ಛತ್ರದವನದೊಂದೇ. ಈ ಪುಟದ ನಿಜವಾದ ಬಲ ಇಲ್ಲಿದೆಯೆಂದು ನನಗೆ ತೋರುತ್ತದೆ. ಲೂಕನ ಗ್ರೀಕಿನಲ್ಲಿ ಛತ್ರಕ್ಕೆ ಬಳಸಿರುವ ಪದ ಪಾಂಡೊಕೈಯಾನ್, ಎಲ್ಲರನ್ನೂ ಬರಮಾಡಿಕೊಳ್ಳುವ ಸ್ಥಳ. ಒರಿಜೆನನು ಈ ಪದದ ಅರ್ಥವನ್ನು ಹಿಡಿದೇ ಅದನ್ನು ಸಭೆಯೆನ್ನುತ್ತಾನೆ. ನಮ್ಮ ಕನ್ನಡದ ಛತ್ರವೆಂಬ ಪದಕ್ಕೆ ಆ ಭಾಗ್ಯವಿಲ್ಲ. ನಮ್ಮ ನಾಡಿನ ಎಷ್ಟೋ ಛತ್ರಗಳಲ್ಲಿ ಇಂಥ ಜಾತಿಯವರಿಗೆ ಎಲೆ, ಇಂಥವರಿಗೆ ಅಂಗಳ, ಇಂಥವರಿಗೆ ಅದೂ ಇಲ್ಲ ಎಂಬ ಕಟ್ಟಳೆಗಳಿದ್ದುದು ಹಿರಿಯರ ನೆನಪಿನಲ್ಲಿದೆ. ಸಭೆಯನ್ನು ಛತ್ರವೆಂದು ಕನ್ನಡದಲ್ಲಿ ಪ್ರಸಂಗಿಸುವವನು ಈ ನೆನಪನ್ನು ದಾಟಿ ಮಾತನಾಡಬೇಕು, ಅದನ್ನು ಅಡಗಿಸಿ ಅಲ್ಲ. ನಮ್ಮ ಕೆಲವು ಸಭೆಗಳ ಸ್ಮಶಾನಗಳಲ್ಲಿಯೂ ಪೀಠಗಳ ಸಾಲುಗಳಲ್ಲಿಯೂ ಅಂಗಳದ ಗೆರೆ ಇನ್ನೂ ಅಳಿದಿಲ್ಲವಾದ್ದರಿಂದ ಇದನ್ನು ಹೇಳಿದೆ.

ಛತ್ರದವನು ಗಾಯಾಳುವನ್ನು ಹುಡುಕಿಕೊಂಡು ಹೋದವನಲ್ಲ. ಅವನ ಬಾಗಿಲಿಗೆ ಇನ್ನೊಬ್ಬನು ತಂದಿಟ್ಟನು. ಕೈಗೆ ಎರಡು ನಾಣ್ಯ ಬಂತು. ಉಳಿದದ್ದಕ್ಕೆ ಒಂದು ವಾಗ್ದಾನ, ಹಿಂದಿರುಗಿ ಬಂದಾಗ ತೀರಿಸುವೆನೆಂದು. ಚಿತ್ರದಲ್ಲಿ ಈ ಕೊಡುಕೊಳ್ಳುವಿಕೆಗೆ ಗಾಯ ಕಟ್ಟುವ ದೃಶ್ಯದಷ್ಟೇ ಪ್ರಾಮುಖ್ಯವಿದೆ. ಈ ಗ್ರಂಥದಲ್ಲಿ ನಾಣ್ಯಗಳು ಮತ್ತೆ ಬರುವುದು ಯೂದನ ಕೈಯಿಂದ ಯಾಜಕರ ಮುಂದೆ. ಅಲ್ಲಿ ಮೂವತ್ತು, ತೆಗೆದುಕೊಳ್ಳುವವರಿಲ್ಲ. ಇಲ್ಲಿ ಎರಡು, ತೆಗೆದುಕೊಂಡವನು ಒಬ್ಬ ಮನುಷ್ಯನ ಪ್ರಾಣಕ್ಕೆ ಹೊಣೆಯಾಗುತ್ತಾನೆ. ಸಭೆಯ ಹಣವೆಂದರೇನು ಎಂಬ ಪ್ರಶ್ನೆಗೆ ಈ ಎರಡು ಪುಟಗಳು ಸೇರಿ ಕೊಡುವ ಉತ್ತರವನ್ನು ನಮ್ಮ ಲೆಕ್ಕಪತ್ರ ಸಮಿತಿಗಳು ನೋಡುವುದು ಒಳ್ಳೆಯದು. ಯಾಜಕನ ಪಾತ್ರವನ್ನು ಬಿಟ್ಟು ಸಭಾಸೇವಕನಿಗೆ ಸುಲಭದ ದಾರಿ ತೋರಿಸಿದ ಪುಟವೆಂದು ನಾನು ಮೊದಲು ಎಣಿಸಿದ್ದೆನಲ್ಲವೆ? ಛತ್ರದವನ ಪಾತ್ರವೇನು ಸುಲಭ? ಯಾಜಕನು ಒಂದು ಗಳಿಗೆಯಲ್ಲಿ ಹಾದುಹೋದನು. ಛತ್ರದವನು ಇರುಳೆಲ್ಲ ಎಚ್ಚರವಿರಬೇಕು, ಮರುದಿನವೂ, ಅದರ ಮರುದಿನವೂ, ಕೊಟ್ಟವನು ಬರುವ ತನಕ.

ಕೊನೆಯದಾಗಿ, ಈ ಚಿತ್ರವನ್ನು ತರಗತಿಯಲ್ಲಿಯೋ ಆರಾಧನೆಯಲ್ಲಿಯೋ ಪರದೆಯ ಮೇಲೆ ತೋರಿಸಲು ಬಯಸುವವರಿಗಾಗಿ ಹಸ್ತಪ್ರತಿಯ ಸ್ಥಿತಿಯನ್ನು ಕುರಿತ ಒಂದು ಸಂಗತಿ. ಉಳಿದಿರುವ ಸುವಾರ್ತೆಗಳು ಮತ್ತಾಯ ಮತ್ತು ಮಾರ್ಕ ಎಂದೆನಷ್ಟೆ. ಸಮಾರ್ಯದವನ ಸಾಮ್ಯ ಲೂಕನಲ್ಲಿ ಮಾತ್ರ ಇದೆ. ಲಾಜರನೂ ಹುಟ್ಟುಕುರುಡನೂ ಯೋಹಾನನಿಗೆ ಸೇರಿದವರು. ನಾಲ್ಕು ಸುವಾರ್ತೆಗಳೂ ಮೊದಲು ಇದ್ದು, ಅರ್ಧಭಾಗ ಕಳೆದುಹೋಗಿದೆ ಎಂಬುದಕ್ಕೆ ಈ ಚಿತ್ರಗಳೇ ಸಾಕ್ಷಿ. ಆ ಗ್ರಂಥ ಇಡಿಯಾಗಿದ್ದ ಕಾಲದಲ್ಲಿ ಈ ಪುಟ ಒಂಟಿಯಾಗಿರಲಿಲ್ಲ. ಸೇವಕನು ಚಿತ್ರವನ್ನು ಕಂಡು, ಹಾಳೆಗಳನ್ನು ಮುಂದಕ್ಕೆ ತಿರುವಿ, ಲೂಕನ 10ನೆಯ ಅಧ್ಯಾಯವನ್ನು ಸಭೆಯ ಮುಂದೆ ಗಟ್ಟಿಯಾಗಿ ಓದಬಹುದಿತ್ತು. ಚಿತ್ರದಲ್ಲಿ ಕಾಣದ ಶಾಸ್ತ್ರಿ, ಕಳ್ಳರು, ಆಚೆ ಬದಿಗೆ ಸರಿದ ಯಾಜಕ, ಅವನ ಹಿಂದೆ ಬಂದ ಲೇವಿಯ, ಹೋಗಿ ಹಾಗೆಯೇ ಮಾಡೆಂಬ ಅಪ್ಪಣೆ, ಎಲ್ಲವೂ ಅಲ್ಲಿ ಬೆಳ್ಳಿಯ ಅಕ್ಷರಗಳಲ್ಲಿದ್ದವು, ಓದುವವನ ಬಾಯಿಂದಲೇ ಹೊರಡಬೇಕಾಗಿತ್ತು. ಆ ಹಾಳೆಗಳು ಇಂದು ಇಲ್ಲ.